ಎಡಗಣ್ಣು

ಹಲ್ಲಿನ ಡಾಕ್ಟರರ ಪುಟ್ಟ ಕನ್ನಡಿಯನ್ನು ಕಡ ತಂದಿದ್ದೆ,
ಸಂಜೆಯೊಳಗೆ ವಾಪಸು ಕೊಡುವ ಮಾತಿನ ಮೇಲೆ.
ಸ್ಟೇಷನ್ ರೋಡಿನ ನನ್ನ ಅಂಗಡಿಯಲ್ಲಿ
ಹಾರ್ಮೋನಿಯಂ ತಿದಿಗಳ ನಡುವೆ ಅದು ಮಲಗಿತ್ತು
ಕವುಚಿಟ್ಟ ಸೋರೆಬುರುಡೆಯ ಹಾಗೆ:
ಎಂಟು ಬಿರಡೆ, ಮೂರೇ ತಂತಿ,
ಕುದುರೆ ಕಳೆದುಹೋಗಿ ಆ ಜಾಗದಲ್ಲಿ
ಬಾಚಣಿಗೆಯ ತುಂಡು.

"ಯಾರು ಮಾಡ್ಯಾರ ಅಂತ ಹೇಳ್ರಿ ದಾದಾಪೀರಣ್ಣ, ಸಾಕು,"
ಅಂದಿದ್ದರು ಗಿರಿಜಾ ಟೀಚರು.
"ರಿಪೇರಿ ಆಗದಿದ್ರೂ ನಡೀತೈತಿ.
ನಮ್ಮಪ್ಪ ನಾಟಕ ಕಂಪನ್ಯಾಗ ಬಾರಿಸ್ತಿದ್ದ.
ಎಲ್ಲಿಂದ ತಂದಿ ಅಂದ್ರ ಸಲಕ್ಕೊಂದು ಊರು ಹೇಳಾಂವ.
ಮಿರಜ ಅಂದಿದ್ದ, ಕಲಕತ್ತಾ ಅಂದಿದ್ದ,
ಕುಡಿದಾಗ ಇಟಲಿ."

ಮಿರಜಿನದಲ್ಲ. ಮಿರಜಿನವರ ಕೈ ನನಗೆ ಗೊತ್ತು,
ಕೀಲಿನ ಹತ್ತಿರ ಅವರು ಅವಸರ ಮಾಡುವುದಿಲ್ಲ.
ಕಲಕತ್ತೆಯದಾದರೆ ಒಳಗೆ ಚೀಟಿ ಇರಬೇಕಿತ್ತು,
ಉದುರಿದ್ದರೆ ಅದರ ಅಂಟಿನ ಚೌಕ ಗುರುತಾದರೂ.
ಇನ್ನು ಇಟಲಿ. ಇಟಲಿಯ ಮರದ ಮೇಲೆ
ನಮ್ಮೂರ ಗೆದ್ದಲು
ಇಷ್ಟು ಸಲೀಸಾಗಿ ಬರೆಯುತ್ತಿರಲಿಲ್ಲ.

ಮೂಸಿದೆ. ಈ ಕಸುಬಿನಲ್ಲಿ ಮೊದಲ ಸಾಕ್ಷಿ ಮೂಗು.
ಚರ್ಮದ ಅಂಟಲ್ಲ, ಹುಣಸೆಬೀಜ.
ಸಂದಿಗಳಿಗೆ ಒತ್ತಿದ್ದು ಕಿಟ್ಟ,
ಗೋಣಿತಟ್ಟಿನ ಪುಡಿ, ಮರದ ಹೊಟ್ಟು ಕಲಸಿದ ಮುದ್ದೆ.
ಅದನ್ನು ಹೀಗೆ ಹೆಬ್ಬೆರಳಲ್ಲಿ ಒತ್ತುವ ಊರು
ಕೊಪ್ಪಳದಿಂದ ಬಸ್ಸಿಗೆ ಅರ್ಧ ತಾಸು.
ಆದರೆ ಕಿನ್ನಾಳದವರು ಗೊಂಬೆ ಮಾಡುತ್ತಾರೆ, ತೊಟ್ಟಿಲು ಮಾಡುತ್ತಾರೆ.
ಮ್ಯಾಂಡೊಲಿನ್?

ಟಾರ್ಚು ಬಿಟ್ಟು ಕನ್ನಡಿ ತಿರುಗಿಸಿದೆ.
ಎದೆಹಲಗೆಯ ಒಳಮೈಗೆ ಬಲಕ್ಕೆಂದು ಅಂಟಿಸಿದ ಪಟ್ಟಿಯಲ್ಲಿ
ಒಂದು ಕಣ್ಣು.
ಸುಳ್ಳೇಕೆ, ಕೈ ಹಿಂದಕ್ಕೆ ಎಳೆದುಕೊಂಡೆ.
ಅರ್ಧ ಹಳದಿ ಕೆನ್ನೆ, ತೀಡಿದ ಕಾಡಿಗೆ, ಮಾಸದ ಬಿಳಿ.
ಅಷ್ಟು ವರ್ಷ ಕತ್ತಲಲ್ಲಿ ತೆರೆದೇ ಇದ್ದು
ಅಷ್ಟೂ ನಾಟಕಗಳನ್ನು ಬರೀ ಕೇಳಿಸಿಕೊಂಡ ಕಣ್ಣು.

ತುಳಜವ್ವ ಚಿತ್ರಗಾರ ಕನ್ನಡಕ ಬೇಡವೆಂದಳು.
ಟಾರ್ಚು ನಾನು ಹಿಡಿದೆ,
ಕನ್ನಡಿಯನ್ನು ಅವಳು, ಕುಂಚ ಹಿಡಿದಂತೆ, ಎಡಗೈಯಲ್ಲಿ.
ಅಂಗಳದಲ್ಲಿ ಇನ್ನೂ ಬಣ್ಣ ಕಾಣದ ಆನೆಗಳು ಒಣಗುತ್ತಿದ್ದವು,
ಒಂದರ ಮೇಲೆ ಕೋಳಿ ಹತ್ತಿ ಕೂತಿತ್ತು.
ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು.

"ಪೆಟಿಗಿ ಯಾರದೋ. ಕಣ್ಣು ನಂದು.
ತೊಟ್ಟಿಲ ಹಲಿಗಿ ಮ್ಯಾಲಿನ ಗೌರಿ. ನನಗಾಗ ಹದಿನಾಕು.
ಎಡಗಣ್ಣು ಬಲಗಣ್ಣಿಗಿಂತ ದೊಡ್ಡದಾತು,
ಒಲಿಗೆ ಹಾಕು ಅಂದ ಅಪ್ಪ.
ಮನಸಾಗಲಿಲ್ಲ. ಹಿತ್ತಲ ಕಟಿಗಿ ಒಟ್ಟಿಲಿನ ಮ್ಯಾಲ ಒಗದೆ.
ಮುಂಜಾನೆ ನೋಡಿದ್ರ ಇರಲಿಲ್ಲ."

ಯಾರು ಒಯ್ದರು ಎಂದೆ.
ಆ ವರ್ಷ ಹಿತ್ತಲಿಗೆ ಬಂದುಹೋಗುತ್ತಿದ್ದವರನ್ನು
ಬೆರಳು ಮಡಚಿ ಎಣಿಸತೊಡಗಿದಳು.
ಪೊಳಕಿ ಮರ ತರುತ್ತಿದ್ದ ಗಾಡಿಯವನು.
ಬಣ್ಣದ ಪುಡಿ ಮಾರುತ್ತಿದ್ದ ಮುದುಕ.
ಮೂರನೆಯ ಬೆರಳು ಅರ್ಧಕ್ಕೆ ನಿಂತಿತು.
"ಇದನ್ನ ಬಾರಿಸ್ತಿದ್ದವರು ಯಾವೂರು ಅಂದ್ರಿ?"
ನಾನು ಅಂದಿರಲಿಲ್ಲ. "ಕಾತರಕಿ," ಎಂದೆ.
"ಚಾ ಕುಡೀರಿ," ಎಂದಳು.

ಟೀಚರು ಕೇಳಿದ್ದು ಮಾಡಿದವನ ಹೆಸರು.
ನನಗೆ ಸಿಕ್ಕವಳು ಎಸೆದವಳು.
ಇಬ್ಬರ ನಡುವೆ ಒಂದು ರಾತ್ರಿ ಇದೆ, ಒಂದು ಕಟ್ಟಿಗೆಯ ಒಟ್ಟಿಲು,
ಬೇಲಿ ದಾಟಿದ ಒಂದು ಜೊತೆ ಕಾಲು.
ಅದನ್ನು ಯಾವ ಚೀಟಿಯ ಮೇಲೆ ಬರೆದು
ಎಲ್ಲಿ ಅಂಟಿಸಲಿ?

ತುಳಜವ್ವ ಉಳಿದ ಮೂರರಲ್ಲಿ ಒಂದು ತಂತಿಯನ್ನು
ಉಗುರಿನಿಂದ ಎಳೆದು ಬಿಟ್ಟಳು.
ಶ್ರುತಿ ಇರಲಿಲ್ಲ. ತಲೆಯಾಡಿಸಿದಳು.

ಕೊನೆಯ ಬಸ್ಸು ಹಾರ್ನು ಹಾಕುತ್ತಿದೆ.
ಹಲ್ಲಿನ ಡಾಕ್ಟರು ಎರಡು ಸಲ ಫೋನು ಮಾಡಿದ್ದಾರೆ.
ಕನ್ನಡಿಯನ್ನು
ಅವಳಿನ್ನೂ ಕೈಯಿಂದ ಬಿಟ್ಟಿಲ್ಲ.